ರೆಕಾರ್ಡಿನಲ್ಲಿ ಇದ್ದ ಹಾಗೆ

ಜೂನ್ ೯, ಭಾನುವಾರ

ಪ್ರೀತಿಯ ಚಿನಕುರುಳಿಗೆ,

ಅಮ್ಮನ ನೆನಪುಗಳು. ನೀನು ಕ್ಷೇಮವಾಗಿದ್ದೀಯ ಎಂದುಕೊಂಡಿದ್ದೇನೆ. ಎಷ್ಟೇ ಸಿಟ್ಟು ಬಂದರೂ ಹೊತ್ತಿಗೆ ಸರಿಯಾಗಿ ಊಟ ಮಾಡುವ ಹುಡುಗಿ ನೀನು, ಆ ಒಂದು ವಿಷಯದಲ್ಲಿ ನನಗೆ ಚಿಂತೆಯಿಲ್ಲ. ನಾನೂ ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ಅಂಗಡಿಯ ಮೆಟ್ಟಿಲು ಕಂಡ ಕೂಡಲೇ ಗೊಣಗಲು ಶುರುಮಾಡುತ್ತದೆ.

ಉತ್ತರ ತಡವಾಯಿತು, ಕ್ಷಮಿಸು. ನಿಮ್ಮಪ್ಪನ ಕಾರ್ಯಕ್ರಮದ ಮಾರನೇ ದಿನ ನೀನು ಫೋನ್ ಮಾಡಿ, "ಅಪ್ಪನ ಬಾಸ್ ಗಿಟಾರ್‌ಗೆ ಏನು ಮಾಡ್ದೆ ಹೇಳು. ನಿಜ ಹೇಳೋವರೆಗೂ ನಾನು ಮನೆಗೆ ಬರಲ್ಲ," ಅಂದು ಪಟ್ಟನೆ ಇಟ್ಟುಬಿಟ್ಟೆ. ಆಮೇಲೆ ನಾನು ಮಾಡಿದ ಒಂದು ಕರೆಯನ್ನೂ ಎತ್ತಲಿಲ್ಲ. ಎತ್ತದಿದ್ದದ್ದೇ ಒಳ್ಳೆಯದಾಯಿತು. ಫೋನಿನಲ್ಲಿ ನೀನು ನಡುನಡುವೆ ಬಾಯಿ ಹಾಕುತ್ತಿದ್ದೆ, ನಾನೂ ಎರಡು ಮಾತು ಹೆಚ್ಚೇ ಆಡುತ್ತಿದ್ದೆ. ಪತ್ರವಾದರೆ ಕೊನೆತನಕ ಕೇಳಲೇಬೇಕು. ಹರಿದು ಹಾಕುವುದಿದ್ದರೂ ಓದಿಯೇ ಹರಿದು ಹಾಕುತ್ತೀಯ. ಬರೆದು, ಹೊಡೆದು ಹಾಕಿ, ಮತ್ತೆ ಬರೆದು, ಅಂತೂ ಈ ಭಾನುವಾರಕ್ಕೆ ಬಂದು ಮುಟ್ಟಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ನಿನ್ನ ಮುಂದೆ ಇಷ್ಟು ವರ್ಷ ನಿಮ್ಮಪ್ಪನನ್ನು ಬಂದರು, ಹೋದರು ಎಂದು ಮರ್ಯಾದೆಯಿಂದಲೇ ಕರೆದಿದ್ದೇನೆ. ಈ ಪತ್ರದಲ್ಲಿ ಅದು ನನ್ನಿಂದಾಗದು. ನಿನಗೆ ಬೇಜಾರಾದರೆ ಓದುವಾಗ ನೀನೇ ಸೇರಿಸಿಕೋ.

ನಿನ್ನ ಪ್ರಶ್ನೆಗೆ ಉತ್ತರ ಚಿಕ್ಕದು. ಅವನ ಬಾಸನ್ನು ನಾನು ಕೆಡಿಸಲಿಲ್ಲ. ಸರಿಮಾಡಿದೆ. ಅವನು ಏನು ಕೇಳಿದನೋ ಅದನ್ನು, ಕೂದಲೆಳೆಯಷ್ಟೂ ಆಚೀಚೆ ಹೋಗದೆ ಮಾಡಿಕೊಟ್ಟೆ. ಸೇಡು ತೀರಿಸಿಕೊಂಡೆಯಾ ಎಂದು ನೀನು ಕೇಳಿದ್ದರೂ ಹೌದು ಅನ್ನುತ್ತಿದ್ದೆ. ಎರಡೂ ನಿಜ. ಎರಡೂ ಹೇಗೆ ನಿಜ ಎಂದು ಹೇಳುವುದಕ್ಕೇ ಇಷ್ಟು ಕಾಗದ ಬೇಕಾಯಿತು.

ಅವನು ಬಂದದ್ದು ಹೋದ ತಿಂಗಳು, ಒಂದು ಮಧ್ಯಾಹ್ನ. ನನ್ನ ಕೋಣೆ ನಿನಗೆ ಗೊತ್ತೇ ಇದೆ: ಕೆಳಗೆ ವಾದ್ಯಗಳ ಅಂಗಡಿ, ಮೇಲೆ ನಾನು, ಕಿಟಕಿಯಿಂದ ಬಸ್ ನಿಲ್ದಾಣ. ಮೇಜಿನ ಮೇಲೆ ಹಳೆಯ ಜಮಖಾನೆ ಹಾಸಿಕೊಂಡು ಒಂದು ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿಗಳನ್ನು, ಫ್ರೆಟ್ಟುಗಳನ್ನು, ತಿಕ್ಕುತ್ತಾ ಕುಳಿತಿದ್ದೆ. ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಆಮೇಲೆ ಸೆಂಟಿನ ವಾಸನೆ ಬಂತು. ಕೊನೆಗೆ ನಿಮ್ಮಪ್ಪ ಬಂದ. ಕೂದಲಿಗೆ ಕಪ್ಪು ಬಳಿದುಕೊಂಡಿದ್ದಾನೆ, ಹುಬ್ಬಿಗೆ ಬಳಿಯಲು ಮರೆತಿದ್ದಾನೆ. ಬೆನ್ನ ಮೇಲೆ ಅದೇ ಬಾಸ್. ನಾವಿಬ್ಬರೂ ಸೇರಿ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. ಅವನು ನಮ್ಮನ್ನು ಬಿಟ್ಟು ಹೋಗುವ ದಿನ ನಾನು ಅವನಲ್ಲಿ ಅದೊಂದನ್ನೇ ಕೇಳಿದ್ದೆ, ಪಾತ್ರೆ ಪಗಡೆ ಏನು ಬೇಕಾದರೂ ಒಯ್ಯಿ, ಇದನ್ನು ಬಿಟ್ಟುಹೋಗು ಎಂದು. "ಇದು ನನ್ನ ಕೈ ಕಣೇ, ಕೈ ಕೊಟ್ಟು ಹೋಗೋಕಾಗುತ್ತಾ," ಅಂದಿದ್ದ.

ಹಳೆಯದನ್ನೆಲ್ಲ ಮರೆತುಬಿಡೋಣ ಎಂದು ಶುರುಮಾಡಿದ. ಮರೆತುಬಿಡುವವರು ಯಾವಾಗಲೂ ಮಾಡಿದವರೇ ಆಗಿರುತ್ತಾರೆ, ನೋಡು. ತನ್ನ ರಿಪೇರಿಯವನು ಅಂಗಡಿ ಮುಚ್ಚಿಕೊಂಡು ಹೋದನಂತೆ, ಯಾರನ್ನು ಕೇಳಿದರೂ ನನ್ನ ಹೆಸರೇ ಹೇಳಿದರಂತೆ. ತಮ್ಮ ಬ್ಯಾಂಡಿನ ಆ ರೆಕಾರ್ಡಿಗೆ ಇಪ್ಪತ್ತೈದು ವರ್ಷವಾಯಿತು, ದೊಡ್ಡ ಸಭಾಂಗಣದಲ್ಲಿ ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಅದೇ ಕ್ರಮದಲ್ಲಿ ನುಡಿಸುತ್ತೇವೆ, ಟಿಕೆಟ್ ಎಲ್ಲ ಖಾಲಿ ಎಂದೆಲ್ಲ ಕೊಚ್ಚಿಕೊಂಡ. ಆಮೇಲೆ ಬಾಸನ್ನು ನನ್ನ ಮೇಜಿನ ಮೇಲೆ ಮಲಗಿಸಿ, ನನ್ನ ಮುಖ ನೋಡಿಕೊಂಡು, ಒಂದಿಷ್ಟೂ ಅಳುಕದೆ ಹೇಳಿದ: "ರೆಕಾರ್ಡಲ್ಲಿ ಹೆಂಗಿದೆಯೋ ಹಂಗೇ ಬೇಕು. ಅದೇ ಸೌಂಡು."

ನಾನು ಅವನ ಮುಖವನ್ನೇ ನೋಡಿದೆ. ತಮಾಷೆಯೇನೋ ಅಂದುಕೊಂಡೆ. ಇಲ್ಲ. ಅವನಿಗೆ ಮರೆತೇ ಹೋಗಿದೆ. ಅಷ್ಟು ವರ್ಷ ಹೇಳಿದ ಸುಳ್ಳನ್ನು ಅವನೇ ನಂಬಿಬಿಟ್ಟಿದ್ದಾನೆ.

ಈಗ ನೀನು ಎಲ್ಲಿದ್ದೀಯೋ ಅಲ್ಲಿ ಕುಳಿತುಕೋ. ಆ ರೆಕಾರ್ಡಿನಲ್ಲಿ ಬಾಸ್ ನುಡಿಸಿರುವುದು ನಿಮ್ಮಪ್ಪ ಅಲ್ಲ. ನಾನು.

ಅವನಿಗೆ ಮಾತು ಚೆನ್ನ, ನಿಲುವು ಚೆನ್ನ, ವೇದಿಕೆಯ ಮೇಲೆ ನಿಂತರೆ ಕಣ್ಣಿಗೆ ಹಬ್ಬ. ತಾಳ ಮಾತ್ರ ಅವನ ಮಾತು ಕೇಳುತ್ತಿರಲಿಲ್ಲ. ವೇದಿಕೆಯ ಗದ್ದಲದಲ್ಲಿ ಅದು ಹೇಗೋ ಮುಚ್ಚಿಹೋಗುತ್ತಿತ್ತು. ಸ್ಟುಡಿಯೋದ ಗಾಜಿನ ಕೋಣೆಯಲ್ಲಿ ಮುಚ್ಚಿಡಲು ಏನೂ ಇರುವುದಿಲ್ಲ. ಬೆಳಗಿನಿಂದ ಒಂದೇ ಹಾಡನ್ನು, ರೆಕಾರ್ಡಿನ ಮೂರನೆಯದನ್ನು, ಮತ್ತೆ ಮತ್ತೆ ನುಡಿಸಿದರೂ ಡ್ರಮ್ಮಿನ ಜೊತೆ ಕೂರಲಿಲ್ಲ. ಡ್ರಮ್ ನುಡಿಸುತ್ತಿದ್ದವನು ನಿನ್ನ ಗಡಿಯಾರ ಮಾಮ. ಅವನ ತಾಳ ಕದಲುವುದಿಲ್ಲ ಅಂತಲೇ ಆ ಹೆಸರು ಬಂದದ್ದು. ರೆಕಾರ್ಡ್ ಮಾಡುವವನ ಮುಖ ಗಂಟಿಕ್ಕಿತ್ತು. ನಿಮ್ಮಪ್ಪ ಸಿಗರೇಟು ಸೇದಿ ಬರುತ್ತೇನೆ ಎಂದು ಆಚೆ ಹೋದ. ನಾನು ಅವನ ಜೊತೆಗೆ ಹೋಗಿದ್ದದ್ದು ಬಾಸನ್ನು ಶ್ರುತಿ ಮಾಡಿಕೊಡಲು. ಆಗ ನೀನು ಹೊಟ್ಟೆಯಲ್ಲಿದ್ದೆ, ನನಗೆ ಹೆಚ್ಚು ಹೊತ್ತು ನಿಲ್ಲಲಾಗುತ್ತಿರಲಿಲ್ಲ. ಸ್ಟೂಲಿನ ಮೇಲೆ ಕುಳಿತು ಶ್ರುತಿ ನೋಡುತ್ತಾ ಸುಮ್ಮನೆ ಆ ಹಾಡನ್ನೇ ನುಡಿಸಿದೆ. ಅದನ್ನು ಮನೆಯಲ್ಲಿ ಕಟ್ಟಿದ್ದೂ ನಾನೇ, ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡು. ಗಡಿಯಾರ ಡ್ರಮ್ಮಿನಲ್ಲಿ ಸೇರಿಕೊಂಡ. ರೆಕಾರ್ಡ್ ಮಾಡುವವನು ಗುಂಡಿ ಒತ್ತಿದ.

ನಿಮ್ಮಪ್ಪ ಒಳಗೆ ಬಂದು, ಕೊನೆತನಕ ಕೇಳಿಸಿಕೊಂಡ. ಆಮೇಲೆ, ಇದೇ ಇರಲಿ, ಮಿಕ್ಕ ಹಾಡುಗಳನ್ನೂ ನೀನೇ ಮುಗಿಸಿಬಿಡು ಅಂದ. ವೇದಿಕೆಯಲ್ಲಿ ಜನ ನೋಡುವುದು ತನ್ನನ್ನು, ಆದ್ದರಿಂದ ಹೆಸರು ತನ್ನದಿರಲಿ, ಮನೆಯ ವಿಷಯ ಮನೆಯಲ್ಲೇ ಇರಲಿ ಅಂದ. ನಾನು ಒಪ್ಪಿದೆ. ಆಗ ಅವನ ಮೇಲೆ ನನಗೆ ಪ್ರೀತಿಯಿತ್ತು, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ರೆಕಾರ್ಡ್ ಹೊರಬಂದ ಮೇಲೆ ಅವನ ಹೆಸರು ಹೇಗೆ ಹಬ್ಬಿತು ಅನ್ನುವುದು ನಿನಗೆ ಗೊತ್ತಿದೆ, ಊರಿಗೆಲ್ಲ ಗೊತ್ತಿದೆ.

ಅವನು ಹೋದಾಗ ನಿನಗೆ ಆರು ವರ್ಷ. ಆ ರೆಕಾರ್ಡಿನ ಹೊದಿಕೆಯ ಮೇಲಿನ ಫೋಟೋ ತಬ್ಬಿಕೊಂಡು ಮಲಗುತ್ತಿದ್ದೆ. ಅಪ್ಪನದು ಅಂತ ನಿನ್ನ ಹತ್ತಿರ ಉಳಿದದ್ದು ಅದೊಂದೇ. ಅದನ್ನು ನಿನ್ನ ಕೈಯಿಂದ ಕಿತ್ತುಕೊಂಡು ಇದು ನನ್ನದು ಅನ್ನಲು ನನಗೆ ಮನಸ್ಸಾಗಲಿಲ್ಲ. ಮಗುವಿಗೆ ಇರಲಿ ಅಂತ ಬಿಟ್ಟೆ. ಅವನಿಗೆ ಬಿಟ್ಟದ್ದಲ್ಲ, ನಿನಗೆ ಬಿಟ್ಟದ್ದು. ಈ ವ್ಯತ್ಯಾಸ ನೆನಪಿಟ್ಟುಕೋ.

ಇನ್ನು ಬಾಸಿನ ವಿಷಯ. ಮಾಡುವುದಿಲ್ಲ, ಎತ್ತಿಕೊಂಡು ಹೋಗು ಅನ್ನುವ ಮಾತು ನನ್ನ ನಾಲಿಗೆಯ ತುದಿಗೇ ಬಂದಿತ್ತು. ಯಾಕೆ ಅನ್ನಲಿಲ್ಲ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಆಗಲಿ ಅಂದೆ. ನನ್ನ ಪದ್ಧತಿಯಂತೆ ಅವನನ್ನು ಎದುರಿಗೆ ಕೂರಿಸಿ ನುಡಿಸಲು ಹೇಳಿದೆ. ವಾದ್ಯವನ್ನು ಬಿಗಿ ಮಾಡುವ ಮೊದಲು ನುಡಿಸುವವರ ಕೈ ನೋಡಬೇಕು. ಬಾಸ್ ಅನ್ನುವುದು ಚಪ್ಪಲಿಯ ಹಾಗೆ, ಕಾಲು ನೋಡದೆ ಹೊಲಿದರೆ ಯಾರಿಗೂ ಆಗುವುದಿಲ್ಲ. ಭಾರವಾದ ಕೈಗೆ ತಂತಿ ಎತ್ತರ ಇರಬೇಕು, ಹಗುರ ಕೈಗೆ ತಗ್ಗು. ಅದೇ ಬಾಸು, ಅದೇ ತಂತಿ, ಒಬ್ಬರ ಕೈಗೆ ಹೇಳಿ ಮಾಡಿಸಿದ ಹಾಗಿರುವುದು ಇನ್ನೊಬ್ಬರ ಕೈಯಲ್ಲಿ ಕಟಕಟ ಅನ್ನುತ್ತದೆ.

ಅವನ ಕೈ ಸ್ವಲ್ಪವೂ ಬದಲಾಗಿಲ್ಲ. ಎಡಗೈಯಲ್ಲಿ ತಂತಿಯನ್ನು ಕತ್ತು ಹಿಸುಕುವವನ ಹಾಗೆ ಒತ್ತುತ್ತಾನೆ, ಬಲಗೈಯಲ್ಲಿ ಕಿತ್ತುಹಾಕುವವನ ಹಾಗೆ ಮೀಟುತ್ತಾನೆ. ಬಾಸನ್ನೂ ತನಗೆ ತಕ್ಕ ಹಾಗೆ ಮಾಡಿಟ್ಟುಕೊಂಡಿದ್ದ. ತಂತಿಗಳು ಬೆರಳು ತೂರುವಷ್ಟು ಎತ್ತರ. ಯಾವ ಕಾಲದ್ದೋ ಏನೋ, ಜಿಡ್ಡು ಹಿಡಿದು ಸದ್ದೇ ಸತ್ತುಹೋಗಿರುವ ತಂತಿಗಳು. ತಂತಿಗಳ ಬುಡವನ್ನು ಹಿಡಿದಿರುವ ಬ್ರಿಡ್ಜಿನ ಹತ್ತಿರ, ತಂತಿಗಳ ಕೆಳಗೆ, ಪಾತ್ರೆ ತಿಕ್ಕುವಂಥ ಸ್ಪಂಜಿನ ಒಂದು ತುಂಡು ತುರುಕಿದ್ದ. ಆ ಸ್ಪಂಜಿನ ಕತೆ ನಿನಗೂ ಹೇಳಿರುತ್ತಾನೆ, ಹಳೆಯ ಕಾಲದ ಗುಟ್ಟು ಅಂತ. ಹಾಗೆ ನುಡಿಸುವವರಲ್ಲೂ ದೊಡ್ಡವರಿದ್ದಾರೆ, ಇಲ್ಲವೆನ್ನುವುದಿಲ್ಲ. ಇವನಿಗೆ ಅದು ಬೇಕಾದದ್ದು ಬೇರೆ ಕಾರಣಕ್ಕೆ. ಸ್ಪಂಜಿದ್ದರೆ ಸ್ವರ ಹುಟ್ಟಿದ ಕೂಡಲೇ ಸಾಯುತ್ತದೆ. ಬೇಗ ಬಂತೋ, ತಡವಾಗಿ ಬಿಟ್ಟನೋ, ಪಕ್ಕದ ತಂತಿ ಮುಟ್ಟಿದನೋ, ಯಾರಿಗೂ ಗೊತ್ತಾಗುವುದಿಲ್ಲ. ದುಬ್, ದುಬ್ ಅನ್ನುವುದಷ್ಟೇ ಕೇಳಿಸುತ್ತದೆ. ಇಷ್ಟು ವರ್ಷ ಅವನ ಮಾನ ಕಾಪಾಡಿದ್ದು ಆ ತುಂಡು.

ಎರಡು ಸಲ ಕೇಳಿದೆ, ನಿಜವಾಗಿಯೂ ರೆಕಾರ್ಡಿನಲ್ಲಿ ಇದ್ದ ಹಾಗೆಯೇ ಬೇಕಾ ಎಂದು. ಎರಡೂ ಸಲ, ಹೌದು, ಅದೇ ಬೇಕು ಅಂದ.

ಅವನು ಮೆಟ್ಟಿಲಿಳಿದು ಹೋದ ಮೇಲೆ ನನ್ನ ತಲೆಯಲ್ಲಿ ಏನೇನು ಓಡಿತು ಗೊತ್ತಾ? ಬಾಸಿನ ಕತ್ತಿನೊಳಗೆ ಒಂದು ಉಕ್ಕಿನ ಸರಳಿರುತ್ತದೆ. ಅದನ್ನು ಕಾಲು ಸುತ್ತು ಹೆಚ್ಚು ಬಿಗಿಮಾಡಿದರೆ ಸಾಕು, ವೇದಿಕೆಯ ದೀಪದ ಬಿಸಿಗೆ ಕತ್ತು ಹಿಂದಕ್ಕೆ ಬಾಗಿ, ಫ್ರೆಟ್ಟುಗಳ ನಡುವಿನ ಮೊದಲ ಮನೆಗಳೆಲ್ಲ ಜೀರುಂಡೆಯ ಹಾಗೆ ಗುಂಯ್‌ಗುಡುತ್ತವೆ. ಇಲ್ಲವೇ ಬ್ರಿಡ್ಜಿನ ಸ್ಕ್ರೂವನ್ನು ಇಷ್ಟೇ ಇಷ್ಟು ಸರಿಸಿದರೆ, ಬೆರಳಿಡದೆ ಬಿಟ್ಟ ತಂತಿ ಶ್ರುತಿಯಲ್ಲಿರುತ್ತದೆ, ಮೇಲಕ್ಕೆ ಹೋದಂತೆಲ್ಲ ಹುಳಿಹುಳಿಯಾಗುತ್ತದೆ. ಸರಳನ್ನು ಬಿಗಿಮಾಡಿಯೂ ಬಿಟ್ಟೆ, ಮುಚ್ಚಿಡುವುದಿಲ್ಲ. ಹಲ್ಲು ಕಚ್ಚಿಕೊಂಡು ಬಿಗಿಮಾಡಿದೆ. ಆಮೇಲೆ ಒಂದು ಲೋಟ ಚಹಾ ಕುಡಿದು ಕುಳಿತಾಗ ಬುದ್ಧಿ ಬಂತು. ವಾದ್ಯ ಕೆಟ್ಟರೆ ಅವನಿಗೆ ನೆಪ ಸಿಗುತ್ತದೆ. ಜನ ಅಯ್ಯೋ ಪಾಪ ಅನ್ನುತ್ತಾರೆ. ಒಳ್ಳೆಯ ವಾದ್ಯ ಕೈಗೆ ಕೊಟ್ಟರೆ ನೆಪಕ್ಕೆ ಜಾಗವೇ ಇರುವುದಿಲ್ಲ. ಎದ್ದು ಸರಳನ್ನು ಸಡಿಲಿಸಿದೆ.

ಅಲ್ಲಿಂದ ಮುಂದೆ ನಾನು ಮಾಡಿದ್ದು ನನ್ನ ಬದುಕಿನಲ್ಲೇ ಒಳ್ಳೆಯ ಕೆಲಸ. ಸ್ಪಂಜು ತೆಗೆದು ಒಂದು ಪುಟ್ಟ ಕವರಿನಲ್ಲಿಟ್ಟೆ. ಹಳೆಯ ತಂತಿಗಳನ್ನು ಬಿಚ್ಚಿ, ಫ್ರೆಟ್‌ಗಳನ್ನು ಕನ್ನಡಿಯಾಗುವ ಹಾಗೆ ತಿಕ್ಕಿ, ಮರಕ್ಕೆ ಎಣ್ಣೆ ಕೊಟ್ಟೆ. ಅವನ ಹಿಡಿತಕ್ಕೆ ಅಲ್ಲಲ್ಲಿ ತಗ್ಗು ಬಿದ್ದಿತ್ತು. ಅದರ ಕೆಳಗೆ, ಮೂರನೇ ತಂತಿಯ ಐದನೇ ಮನೆಯ ಹತ್ತಿರ, ನನ್ನ ಕಾಲದ ಒಂದು ತೆಳು ಸವೆತ ಇನ್ನೂ ಉಳಿದಿತ್ತು. ಅದನ್ನು ಬೆರಳಿನಿಂದ ಸವರಿ ನೋಡಿದೆ. ಹೊಸ ತಂತಿ ಕಟ್ಟಿ, ಎಳೆದು ಎಳೆದು ಹದಕ್ಕೆ ತಂದೆ. ಮೊದಲ ಮನೆಯನ್ನೂ ಕೊನೆಯ ಮನೆಯನ್ನೂ ಒತ್ತಿ ಹಿಡಿದು ನಡುವೆ ನೋಡಿದರೆ ತಂತಿಯ ಕೆಳಗೆ ಒಂದು ವಿಸಿಟಿಂಗ್ ಕಾರ್ಡು ಮಾತ್ರ ತೂರಬೇಕು, ಅಷ್ಟು ಬಾಗು ಉಳಿಸಿ ಕತ್ತನ್ನು ನೇರಮಾಡಿದೆ. ಮಾರನೇ ದಿನದವರೆಗೆ ಮುಟ್ಟಲಿಲ್ಲ, ಮರ ಒಪ್ಪಿಕೊಳ್ಳಲಿ ಎಂದು. ಆಮೇಲೆ ತಂತಿಗಳನ್ನು ಇಳಿಸಿದೆ, ಇನ್ನೂ ಇಳಿಸಿದೆ, ಗಾಳಿ ಬೀಸಿದರೆ ನುಡಿಯುತ್ತದೇನೋ ಅನ್ನುವಷ್ಟು ಇಳಿಸಿದೆ. ಹನ್ನೆರಡನೇ ಮನೆಯ ಸ್ವರವೂ ಬಿಟ್ಟ ತಂತಿಯ ಸ್ವರವೂ ಒಂದೇ ಆಗುವವರೆಗೆ ಬ್ರಿಡ್ಜನ್ನು ಸರಿಸಿದೆ. ತಂತಿಯ ಸದ್ದು ಹಿಡಿಯುವ ಪಿಕಪ್ಪುಗಳನ್ನು ತುಸು ಮೇಲಕ್ಕೆತ್ತಿದೆ, ಬೆರಳು ಉಸಿರಾಡಿದರೂ ಕೇಳಿಸುವ ಹಾಗೆ.

ಯಾರ ಕೈಯ ಅಳತೆಗೆ ಮಾಡಿದೆ ಎಂದು ಕೇಳುತ್ತೀಯಾ? ರೆಕಾರ್ಡಿನಲ್ಲಿ ಯಾರ ಕೈ ಇತ್ತೋ ಅವರ ಕೈಗೆ. ಅವನು ಕೇಳಿದ್ದು ಅದನ್ನೇ ತಾನೇ.

ಒಯ್ಯಲು ಬಂದ ದಿನ ಅಲ್ಲೇ ನಾಲ್ಕು ಸ್ವರ ಮೀಟಿ ನೋಡಿದ. ಕೋಣೆ ತುಂಬಿಹೋಯಿತು. ಕಣ್ಣು ಮುಚ್ಚಿ, ಇದೇ, ಇದೇ ಸೌಂಡು ಅಂದ. ನಾನು ನ್ಯಾಯವಾಗಿಯೇ ನಡೆದುಕೊಂಡೆ ಮಗಳೇ. ಸ್ಪಂಜು ಚೀಲದ ಜೇಬಿನಲ್ಲಿದೆ, ಬೇಕೆನಿಸಿದರೆ ಹಾಕಿಕೋ ಎಂದು ಹೇಳಿದೆ. ತಂತಿ ತಗ್ಗಿದೆ, ನಿನ್ನ ಕೈ ಹಗುರಾಗಬೇಕು, ಕಾರ್ಯಕ್ರಮದವರೆಗೆ ದಿನಾ ಕುಳಿತು ಅಭ್ಯಾಸ ಮಾಡು ಎಂದೂ ಹೇಳಿದೆ. ಅವನು ನಕ್ಕ. "ನನ್ನ ರೆಕಾರ್ಡು ನಾನು ನುಡಿಸೋಕೆ ಅಭ್ಯಾಸ ಬೇರೆ ಬೇಕಾ," ಅಂದ. ಅಲ್ಲಿಯವರೆಗೆ ಅವನಿಗೆ ಒಂದು ಬಾಗಿಲು ತೆರೆದೇ ಇಟ್ಟಿದ್ದೆ. ಅದನ್ನು ಅವನೇ ಎಳೆದು ಹಾಕಿಕೊಂಡ.

ಕಾರ್ಯಕ್ರಮಕ್ಕೆ ನಾನು ಬಂದದ್ದು ನಿನಗೆ ಗೊತ್ತಿಲ್ಲ. ಹಿಂದಿನ ಸಾಲಿನಲ್ಲಿ, ಕಂಬದ ಪಕ್ಕ ಕುಳಿತಿದ್ದೆ. ಮುಂದಿನ ಸಾಲಿನಲ್ಲಿ ನಿನ್ನ ತಲೆ ಕಾಣುತ್ತಿತ್ತು. ಮೊದಲ ಹಾಡು ನಿಧಾನದ್ದು, ಹೇಗೋ ದಾಟಿದ. ಎರಡನೆಯದರಲ್ಲಿ ಶುರುವಾಯಿತು. ಅಭ್ಯಾಸಬಲದಿಂದ ಕಿತ್ತು ಮೀಟಿದ, ತಂತಿ ಫ್ರೆಟ್ಟಿಗೆ ಬಡಿದು ಕಟ್ ಅಂದಿತು. ಒತ್ತಿ ಹಿಸುಕಿದ, ಸ್ವರ ಮೇಲಕ್ಕೆ ಜಾರಿತು. ಬಿಡಬೇಕಾದಲ್ಲಿ ಬಿಡಲಿಲ್ಲ, ಹಿಂದಿನ ಸ್ವರ ಮುಂದಿನದರ ಮೇಲೆ ಮಲಗಿಕೊಂಡಿತು. ಸ್ಪಂಜಿಲ್ಲ, ಜಿಡ್ಡಿಲ್ಲ, ಏನೂ ಮುಚ್ಚುತ್ತಿಲ್ಲ. ಅವನ ಒಂದೊಂದು ತಪ್ಪೂ ಸ್ನಾನ ಮಾಡಿಸಿ ಹೊಸ ಬಟ್ಟೆ ಹಾಕಿ ಕಳಿಸಿದ ಹಾಗೆ ಸಭಾಂಗಣದ ಕೊನೆಯ ಕುರ್ಚಿಯವರೆಗೂ ನಡೆದು ಬರುತ್ತಿತ್ತು. ಹಿಂದೆ ಗಡಿಯಾರ ತಾಳ ಹಿಡಿದು ಎಳೆಯುತ್ತಿದ್ದ, ಅವನ ಅಂಗಿ ಬೆನ್ನಿಗೆ ಅಂಟಿತ್ತು.

ಆಮೇಲೆ ಮೂರನೇ ಹಾಡು. ಅದರಲ್ಲಿ ಎರಡನೇ ಚರಣಕ್ಕೆ ಮುಂಚೆ ಬಾಸ್ ತುಸು ತಡೆದು, ಬಾರದೇ ಇರುತ್ತದೇನೋ ಅನ್ನಿಸಿ, ಆಮೇಲೆ ಕೆಳಗಿನ ಸ್ವರಕ್ಕೆ ಬಂದು ಕೂರುತ್ತದಲ್ಲ, ಆ ಜಾಗ. ಬಾಸ್ ನುಡಿಸುವ ಹುಡುಗರೆಲ್ಲ 'ಆ ತಡ' ಎಂದೇ ಕರೆಯುವ ಜಾಗ. ಅದರ ಬಗ್ಗೆ ಕೇಳಿದವರಿಗೆಲ್ಲ ನಿಮ್ಮಪ್ಪ ಗಡ್ಡ ಸವರಿಕೊಂಡು, ಅದು ಬರಬೇಕಾದರೆ ಬದುಕು ನೋಡಿರಬೇಕು ಅನ್ನುತ್ತಿದ್ದ. ಜನ ಫೋನ್ ಎತ್ತಿ ಹಿಡಿದು ಕಾದರು. ಅವನು ಬೇಗ ಬಂದ. ಬೇಗ ಬಂದದ್ದು ತಿಳಿದು ನಿಲ್ಲಿಸಿದ. ಮತ್ತೆ ಬಂದ, ಬೇರೆ ಮನೆಯ ಮೇಲೆ. ಆ ತಪ್ಪು ಸ್ವರ ನಾನು ಕಟ್ಟಿದ ಹೊಸ ತಂತಿಯ ಮೇಲೆ ಎಷ್ಟು ಚೆನ್ನಾಗಿ, ಎಷ್ಟು ಹೊತ್ತು ಮೊಳಗಿತು ಅಂತೀಯ. ನನ್ನ ಪಕ್ಕದವನು ಕಿಸಕ್ಕನೆ ನಕ್ಕ. ನಿಮ್ಮಪ್ಪ ಗುಂಡಿ ತಿರುಗಿಸಿ ಸದ್ದು ಇಳಿಸಿದ, ಆಂಪ್ಲಿಫೈಯರನ್ನು ದುರುಗುಟ್ಟಿ ನೋಡಿದ, ಕೊನೆಗೆ ಹಾಡಿನ ನಡುವೆಯೇ ನಿಲ್ಲಿಸಿ ಮೈಕಿನಲ್ಲಿ, "ಕ್ಷಮಿಸಿ, ಬಾಸ್ ಕೈಕೊಟ್ಟಿದೆ," ಅಂದ. ನೀನು ಎದ್ದು ಪರದೆಯ ಹಿಂದಕ್ಕೆ ಓಡಿದೆ.

ನನಗೆ ಖುಷಿಯಾಯಿತು. ನಿನ್ನ ಹತ್ತಿರ ಸುಳ್ಳು ಹೇಳುವುದಿಲ್ಲ, ಹೊಟ್ಟೆ ತಣ್ಣಗಾಯಿತು. ಬಸ್ಸಿನಲ್ಲಿ ಮನೆಗೆ ಬರುವಾಗ ಕಿಟಕಿಯ ಗಾಜಿನಲ್ಲಿ ನನ್ನ ಮುಖ ನೋಡಿಕೊಂಡೆ, ನಗುತ್ತಿದ್ದೆ.

ಗುರುವಾರ ಗಡಿಯಾರ ಬಾಸ್ ಹೊತ್ತುಕೊಂಡು ಅಂಗಡಿಗೆ ಬಂದ. ನಿಮ್ಮಪ್ಪನ ಹುಕುಂ: ಮೊದಲು ಹೇಗಿತ್ತೋ ಹಾಗೆ ಮಾಡಿಕೊಡಬೇಕು, ಸ್ಪಂಜೂ ಸೇರಿ. ನಾನು ಬೇಕೆಂದೇ ಮಾಡಿದ್ದು ಎಂದು ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನಂತೆ. ಹೌದು ಅಂತ ಹೇಳು ಅಂದೆ. ಗಡಿಯಾರ ಹೆಚ್ಚು ಮಾತಿನವನಲ್ಲ, ನಿನಗೆ ಗೊತ್ತು. ಬಾಸನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಕೈಯಿಟ್ಟುಕೊಂಡು ನಿಂತ. "ಆವತ್ತು ವೇದಿಕೇಲಿ ನೀನು ವಾಪಸ್ ಬಂದು ನನ್ನ ಪಕ್ಕ ಕೂತ ಹಾಗಾಯ್ತು ನೋಡು. ಅವನ ಕೈಯೊಂದು ಅಡ್ಡ ಬರದೇ ಇದ್ದಿದ್ರೆ," ಅಂದ. ನನ್ನ ಮಾತಿನ ಮೇಲೆ ನಂಬಿಕೆ ಬರದಿದ್ದರೆ ಅವನನ್ನು ಕೇಳು. ಇಷ್ಟು ವರ್ಷ ಸ್ನೇಹಕ್ಕೆ ಕಟ್ಟುಬಿದ್ದು ತುಟಿಪಿಟಿಕ್ಕೆನ್ನದೆ ಇದ್ದವನು, ಇನ್ನು ಮೇಲೆ ನೀನು ಕೇಳಿದರೆ ಮುಚ್ಚಿಡುವುದಿಲ್ಲ ಎಂದು ಮಾತು ಕೊಟ್ಟು ಹೋಗಿದ್ದಾನೆ.

ಇಷ್ಟು ವಿಷಯ. ನಿನಗೆ ಅಪ್ಪನ ಮೇಲೆ ಪ್ರೀತಿ ಇರಲಿ, ಬೇಡ ಅನ್ನುವುದಿಲ್ಲ. ಅವನು ನಿನಗೆ ಈಜು ಕಲಿಸಿದ್ದಾನೆ, ಜ್ವರ ಬಂದಾಗ ರಜೆ ಹಾಕಿ ಪಕ್ಕದಲ್ಲಿ ಕುಳಿತಿದ್ದಾನೆ, ಅದು ಅವನದೇ. ಅವನದಲ್ಲದ್ದನ್ನು ಮಾತ್ರ ನಾನು ವಾಪಸ್ ತೆಗೆದುಕೊಂಡಿದ್ದೇನೆ. ಬಾಸ್ ನುಡಿಸಿ ನುಡಿಸಿ ನೋಯುವ ನಿನ್ನ ಮಣಿಕಟ್ಟಿಗೆ ಬಿಸಿನೀರು ಹಾಕುತ್ತಿರು, ಅಭ್ಯಾಸದ ನಡುವೆ ಎದ್ದು ಓಡಾಡು. ನಿನ್ನ ಬೆರಳುಗಳು ಚೆನ್ನಾಗಿರಲಿ, ನಿನ್ನ ತಾಳ ಯಾವತ್ತೂ ನಿನ್ನ ಕೈಬಿಡದಿರಲಿ.

ಇಂತಿ,
ನಿನ್ನ ಅಮ್ಮ

ಮರೆತಿದ್ದೆ: ಕೊನೆಯಲ್ಲಿ ಹೇಳುತ್ತೇನೆ ಅಂದದ್ದು ಬಾಕಿ ಉಳಿದಿದೆ. ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ.

ನಿಮ್ಮಪ್ಪ ಬಾಸ್ ತಂದ ದಿನ ಬೆಳಿಗ್ಗೆ, ಕೆಳಗಿನ ಅಂಗಡಿಯ ಮಾಲೀಕ ಹೆಮ್ಮೆಯಿಂದ ಮೇಲೆ ಬಂದು ತನ್ನ ಫೋನಿನಲ್ಲಿ ನಿನ್ನ ಸಂದರ್ಶನ ತೋರಿಸಿದ್ದ. ನಿನಗೆ ಈ ಕೈ ಎಲ್ಲಿಂದ ಬಂತು ಎಂದು ಅವರು ಕೇಳುತ್ತಾರೆ. ನೀನು ನಗುತ್ತಾ, "ನಂದು ಅಪ್ಪನ ಕೈ. ಅಮ್ಮಂಗೆ ಸಂಗೀತ ಅಷ್ಟೇನೂ ಗೊತ್ತಿಲ್ಲ, ಸ್ಕ್ರೂ ತಿರುಗಿಸೋದು ಗೊತ್ತು," ಅನ್ನುತ್ತೀಯ. ಮಾಲೀಕನೂ ನಕ್ಕ. ನಾನೂ ನಕ್ಕೆ, ಎದುರಿಗೆ ಇನ್ನೇನು ಮಾಡಲಿ. ರೆಕಾರ್ಡು ಅವನ ಹೆಸರಿನಲ್ಲಿದ್ದರೆ ನನಗೇನೂ ಆಗಿರಲಿಲ್ಲ ಮಗಳೇ, ಅಷ್ಟು ವರ್ಷ ಆಗಿರಲಿಲ್ಲವಲ್ಲ. ನೀನು ನನ್ನ ಕೈಯನ್ನು ಎತ್ತಿ ಅವನಿಗೆ ಕೊಟ್ಟೆ. ಅದೇ ಮಧ್ಯಾಹ್ನ ಅವನು ಮೆಟ್ಟಿಲು ಹತ್ತಿ ಬಂದ, ನಾನು ಆಗಲಿ ಅಂದೆ. ಈ ಸೇಡಿನಲ್ಲಿ ನಿನ್ನ ಪಾಲೂ ಇದೆ. ನೀನು ಮುಂದಿನ ಸಾಲಿನಲ್ಲಿ ಕುಳಿತು ಅವನ ಕೈಯನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು ಅಂತಲೇ ಅಷ್ಟು ಚೆನ್ನಾಗಿ ಮಾಡಿದ್ದು.

ಮತ್ತೆ ಆ ತಡ. ಅದು ಬದುಕು ನೋಡಿ ಬಂದದ್ದಲ್ಲ. ಸ್ಟೂಲಿನ ಮೇಲೆ ಕುಳಿತಿದ್ದೆ, ಬಾಸ್ ನನ್ನ ಹೊಟ್ಟೆಗೆ ಒರಗಿತ್ತು, ಅದರ ಹಿಂದೆ ನೀನಿದ್ದೆ. ಎರಡನೇ ಚರಣಕ್ಕೆ ಇನ್ನೇನು ಇಳಿಯಬೇಕು, ನೀನು ಒದ್ದೆ. ಬಾಸ್ ಅಲುಗಿತು, ನನ್ನ ಬೆರಳು ತಡವಾಯಿತು. ರೆಕಾರ್ಡ್ ಮಾಡುವವನು ಮತ್ತೊಮ್ಮೆ ನುಡಿಸಿ ಅಂದಾಗ, ಬೇಡ, ಅದು ಹಾಗೇ ಇರಲಿ ಅಂದವಳು ನಾನು. ಯಾಕೆಂದು ಯಾರಿಗೂ ಹೇಳಲಿಲ್ಲ. ನಿಮ್ಮಪ್ಪ ಆಚೆ ಸಿಗರೇಟು ಸೇದುತ್ತಿದ್ದ.

ಬಾಸ್ ಇನ್ನೂ ನನ್ನ ಮೇಜಿನ ಮೇಲಿದೆ, ಆ ರಾತ್ರಿ ಹೇಗಿತ್ತೋ ಹಾಗೆಯೇ. ಬರುವ ಶನಿವಾರ ಗಡಿಯಾರ ಬಂದು ಒಯ್ಯುತ್ತಾನೆ; ಅದಕ್ಕೆ ಮುಂಚೆ ತಂತಿ ಎತ್ತಿ, ಸ್ಪಂಜು ತುರುಕಿ, ನಿಮ್ಮಪ್ಪನ ಕೈಗೆ ತಕ್ಕ ಹಾಗೆ ಮಾಡಿಕೊಡುತ್ತೇನೆ. ನೀನೂ, ಅಪ್ಪನದು ಹೀಗೇ ಇರೋದು ಎಂದು ನಿನ್ನ ಬಾಸಿಗೂ ಸ್ಪಂಜು ತುರುಕಿ, ತಂತಿ ಎತ್ತರಿಸಿಕೊಂಡು, ಮಣಿಕಟ್ಟು ನೋಯಿಸಿಕೊಳ್ಳುತ್ತಿದ್ದೀಯ. ಇಳಿಸಿಕೊಡುತ್ತೇನೆ ಅಂದರೆ ನನಗೆ ಮುಟ್ಟಲೂ ಬಿಡಲಿಲ್ಲ. ಶನಿವಾರಕ್ಕೆ ಮುಂಚೆ ಬಾ. ಇದನ್ನು ಮಡಿಲಲ್ಲಿ ಇಟ್ಟುಕೊಂಡು ಮೂರನೇ ಹಾಡು ನುಡಿಸು. ನಿನ್ನ ಕೈಗೆ ಆಗದಿದ್ದರೆ ಹೇಳು, ಸ್ಕ್ರೂ ತಿರುಗಿಸಿ ಕೊಡುತ್ತೇನೆ. ಅದು ನನಗೆ ಗೊತ್ತು.